ಪಶುವೈದ್ಯರ ನೇಮಕಾತಿ ಕಡತದ ಸನ್ನಿಧಾನಕ್ಕೆ

ಮಾನ್ಯ ಕಡತ ಮಹೋದಯರೇ,

ನಾಗಮಂಗಲ ಸೀಮೆಯಲ್ಲಿ ಹಾಲು ಕರೆಯುವ ಸಮಸ್ತರ ಪರವಾಗಿ ತಮಗೆ ಅನಂತ ವಂದನೆಗಳು. ನಮ್ಮೂರ ಪಶು ಆಸ್ಪತ್ರೆಗೆ ವೈದ್ಯರನ್ನು ನೇಮಿಸುವ ಸಲುವಾಗಿ ಆರು ವರ್ಷಗಳ ಹಿಂದೆ ಜನ್ಮ ತಳೆದ ತಾವು, ಅರ್ಜಿ, ಪರೀಕ್ಷೆ, ಮರುಪರೀಕ್ಷೆ, ತಡೆಯಾಜ್ಞೆ, ತಿದ್ದುಪಡಿಯಾದ ಆಯ್ಕೆಪಟ್ಟಿ ಎಂಬ ಮಜಲುಗಳನ್ನೆಲ್ಲ ದಾಟಿ, ಮೂವರು ಅಧಿಕಾರಿಗಳನ್ನು ನಿವೃತ್ತಿಗೊಳಿಸಿಯೂ ಸ್ವತಃ ದಣಿಯದೆ ಮೇಜಿನಿಂದ ಮೇಜಿಗೆ ಸಾಗುತ್ತಿರುವುದನ್ನು ಕಂಡು ಹೆಮ್ಮೆಪಡುತ್ತೇವೆ. ಒಂದು ದಿನವೂ ರಜೆ ಹಾಕದ ನೌಕರರು ಆ ಕಚೇರಿಯಲ್ಲಿ ತಾವೊಬ್ಬರೇ.

ತಾವು ಸಾವಕಾಶವಾಗಿ ಬೆಳೆಯಲೆಂದು, ಡಾ. ಅಕ್ಷಿತಾ ಎಂಬ ಒಬ್ಬರೇ ವೈದ್ಯರು ಸೋಮವಾರ ಶ್ರೀರಂಗಪಟ್ಟಣ, ಮಂಗಳವಾರ ಪಾಂಡವಪುರ, ಬುಧವಾರ ಕೆ.ಆರ್. ಪೇಟೆ, ಗುರುವಾರ ನಮ್ಮೂರು ಎಂದು ನಾಲ್ಕು ಖಾಲಿ ಕುರ್ಚಿಗಳಲ್ಲಿ ಸರದಿಯಂತೆ ಕೂರುತ್ತಿದ್ದಾರೆ. ಈ ಸುಂದರ ಏರ್ಪಾಟನ್ನು ಕಳೆದ ಮಂಗಳವಾರ ಕೆಡಿಸಿದ್ದು ಚಿಕ್ಕಬೋರಮ್ಮನವರ ಹಸು. ಆ ಮನೆ ನಡೆಯುವುದೇ ಅದೊಂದರ ಹಾಲಿನಿಂದ. ಕರು ಸಿಕ್ಕಿಕೊಂಡು ಬೆಳಗಿನಿಂದ ನೋವು ತಿನ್ನುತ್ತಿದ್ದ ಹಸುವಿನ ಮುಂದೆ ನಾನು ವೈದ್ಯರ ವಾರದ ಪಟ್ಟಿಯನ್ನು ಓದಿ ಹೇಳಲಾಗಿ, ಚಿಕ್ಕಬೋರಮ್ಮನವರು, "ಆ ಪಟ್ಟಿಯ ಅತ್ಲಾಗ್ ಮಡುಗಿ ಮೇಷ್ಟ್ರೇ, ಅದ್ರ ಕಣ್ಣ ವಸಿ ನೋಡಿ" ಎಂದರು.

ಕೊನೆಗೆ ಆಸ್ಪತ್ರೆಯ ಕಸ ಗುಡಿಸುವ ಕೆಂಪಣ್ಣನವರೇ ತೋಳಿಗೆ ಸೋಪು ಹಚ್ಚಿಕೊಂಡು ನಿಂತರು. ವೈದ್ಯರು ಪಾಂಡವಪುರದಿಂದ ದೂರವಾಣಿಯಲ್ಲಿ ನಿರ್ದೇಶಿಸಿದರು.

"ಒಂದೇ ಕಾಲು ಸಿಕ್ತಾ ಅದೆ ಮೇಡಮ್ಮೋರೆ, ಎಳ್ದ್‌ಬುಡ್ಲಾ?"

"ಎಳೀಬೇಡಿ ಕೆಂಪಣ್ಣ. ಒಳಕ್ಕೆ ತಳ್ಳಿ, ಮೊದ್ಲು ಇನ್ನೊಂದ್ ಕಾಲು ಹುಡುಕಿ."

"ಲೇ ಕೆಂಪ," ಎಂದರು ಚಿಕ್ಕಬೋರಮ್ಮನವರು, "ಸರ್ಕಾರ ಡಾಕ್ಟ್ರುನ್ನ ಉಡುಕ್ದಂಗೆ ಉಡುಕ್ಬೇಡ ಕಣ್ಲಾ, ಬಿರ್ನೆ ಉಡುಕು."

ಕಾಲು ಸಿಕ್ಕಿತು. ಹಗ್ಗ ಬಿಗಿದು ಇಬ್ಬರು ಮೆಲ್ಲಗೆ ಎಳೆದರು. ಹಸು ಉಳಿಯಿತು, ಕರುವೂ ಉಳಿಯಿತು. ನೇಮಕಾತಿ ನಿಯಮಗಳ ಪ್ರಕಾರ ಈ ಹೆರಿಗೆ ಊರ್ಜಿತವೇ ಎಂಬುದನ್ನು ದಯಮಾಡಿ ತಿಳಿಸಬೇಕು.

ಇನ್ನು ಮುಂದೆ ಗುರುವಾರವಲ್ಲದೆ ಯಾವ ಹಸುವೂ ಈಯತಕ್ಕದ್ದಲ್ಲವೆಂದು ಒಂದು ಸುತ್ತೋಲೆ ಹೊರಟರೆ ಉಪಕಾರವಾದೀತು. ಅದಾಗದಿದ್ದಲ್ಲಿ ತಾವೇ ಚಿತ್ತೈಸಿ ಆ ಕುರ್ಚಿಯಲ್ಲಿ ವಿರಾಜಮಾನರಾಗಬೇಕು. ತಮಗೆ ತೂಕದ ಕೊರತೆಯಿಲ್ಲ, ತಾವು ಸೊಂಟಕ್ಕೆ ಸುತ್ತಿಕೊಂಡಿರುವ ಕೆಂಪು ದಾರವೂ ಕರು ಎಳೆಯಲು ಒದಗೀತು.

ತಮ್ಮ ದೀರ್ಘಾಯುಷ್ಯಕ್ಕೆ ಅಂಜುತ್ತಿರುವ,
ತಮ್ಮ ವಿಶ್ವಾಸಿ,
ನಂಜಪ್ಪ
(ನಿವೃತ್ತ ಕನ್ನಡ ಪಂಡಿತ)

ಮರೆತ ಮಾತು: ಕೆಂಪಣ್ಣನವರು ಈ ತಿಂಗಳ ಕೊನೆಗೆ ನಿವೃತ್ತರಾಗುತ್ತಾರೆ. ಅವರ ಜಾಗವನ್ನು ತುಂಬುವ ಸಲುವಾಗಿ ತಮಗೊಬ್ಬ ತಮ್ಮ ಹುಟ್ಟಿರುವನೆಂದು ಕೇಳಿ ಸಂತೋಷವಾಯಿತು. ನೆರೆಮನೆಯ ಬೆಟ್ಟಮ್ಮನವರ ಎಮ್ಮೆಗೆ ಈಗ ಒಂಬತ್ತು ತಿಂಗಳು ತುಂಬಿದೆ. ಆಯ್ಕೆಪಟ್ಟಿ ಪ್ರಕಟವಾಗುವವರೆಗೆ ತಡೆದುಕೊಳ್ಳಬೇಕೆಂದು ಅದಕ್ಕೆ ತಾವಿಬ್ಬರೇ ಬಂದು ಹೇಳುವುದು ಮೇಲು.