ತೊಟ್ಟಿಯ ತಳಕ್ಕೊಂದು ಕನ್ನಡಿ

ಕನ್ನಡಿರಾಯರಿಗೆ ಸಕ್ಕರೆ ಕಾಯಿಲೆ ಇರಲಿಲ್ಲ, ರಕ್ತದೊತ್ತಡ ಇರಲಿಲ್ಲ. ಇದ್ದದ್ದು ಒಬ್ಬ ಷಡ್ಡಕ. ಹೆಂಡತಿಯ ತಂಗಿಯ ಗಂಡ, ಹಲ್ಲಿನ ಡಾಕ್ಟರು. ಗಾಜು ಕನ್ನಡಿ ಅಂಗಡಿಯ ರಾಯರ ಮನೆಯಲ್ಲಿದ್ದಂತೆಯೇ ಆ ಡಾಕ್ಟರ ಮನೆಯಲ್ಲೂ ಒಂದು ಹವಳದ ತೊಟ್ಟಿ ಇತ್ತು: ಉಪ್ಪುನೀರು, ಬಂಡೆ, ಬಣ್ಣಬಣ್ಣದ ಜೀವಂತ ಹವಳ, ನಾಲ್ಕು ಮೀನು. (ತೊಟ್ಟಿಯ ಹುಚ್ಚು ಮೊದಲು ಹಿಡಿದದ್ದು ರಾಯರಿಗೆ, ಡಾಕ್ಟರು ನೋಡಿ ಕಲಿತವರು. ಮನೆಗೆ ಬಂದವರಿಗೆ ಕುಡಿಯಲು ನೀರು ಕೊಡುವ ಮುಂಚೆಯೇ ರಾಯರು ಈ ಮಾತು ಹೇಳಿಬಿಡುತ್ತಿದ್ದರು.)

ಇಬ್ಬರೂ ತಳದ ಮರಳನ್ನು ತೆಗೆದುಹಾಕಿದ್ದರು. ಪಂಪು ಜೋರಾಗಿ ತಿರುಗಿದರೆ ಮರಳೆದ್ದು ಹವಳದ ಮೇಲೆ ಕೂರುತ್ತದೆ, ಮೀನಿನ ಕಸ ಅದರೊಳಗೆ ಸೇರಿ ಕೊಳೆಯುತ್ತದೆ. ಮರಳು ಹೋದ ಮೇಲೆ ರಾಯರ ತೊಟ್ಟಿಯಲ್ಲಿ ಉಳಿದದ್ದು ಬೋಳು ಗಾಜು. ಸಾಮಾನು ಸಾಗಿಸಿದ ಬಾಡಿಗೆ ಮನೆಯ ಹಾಗೆ ಬಣಗುಟ್ಟುತ್ತಿತ್ತು. ಡಾಕ್ಟರ ತೊಟ್ಟಿಗೆ ಮಾತ್ರ ಎಲ್ಲಿಂದಲೋ ಹಾಲಿನಂಥ ಬಿಳಿ ಪ್ಲಾಸ್ಟಿಕ್ ಹಲಗೆ ಬಂದು ಕೂತಿತ್ತು. ನೆಂಟರಿಷ್ಟರೆಲ್ಲ "ಡಾಕ್ಟ್ರ ತೊಟ್ಟಿ ನೋಡಿದ್ರಾ?" ಅನ್ನುವವರೇ. ಮೂರು ತಿಂಗಳಿಂದ ರಾಯರ ಹೊಟ್ಟೆ ಹೊತ್ತಿ ಉರಿಯುತ್ತಿತ್ತು.

"ರೀ, ಆ ಹಲಗೆ ವಿಷಯ ಅಂದ್ರೆ..." ಎಂದು ಹೆಂಡತಿ ಒಮ್ಮೆ ಶುರುಮಾಡಿದ್ದಳು.

"ಆ ಹಲಗೆ ಸುದ್ದಿ ಈ ಮನೇಲಿ ಎತ್ತಬೇಡ!"

"ಅಯ್ಯೋ, ಪೂರ್ತಿ ಕೇಳಿ ಮೊದ್ಲು. ನಮ್ಮ ಡಾಕ್ಟ್ರು..."

"ನಿಮ್ಮ ಡಾಕ್ಟ್ರು! ಹೋಗು, ಅವರ ಹಲಗೆ ಮೇಲೇ ಹೋಗಿ ಕೂತ್ಕೋ!"

ಅವಳು ಬಾಯಿ ಮುಚ್ಚಿಕೊಂಡಳು. (ಇಪ್ಪತ್ತೆರಡು ವರ್ಷದ ಸಂಸಾರದಲ್ಲಿ ಅವಳು ಅಷ್ಟು ಬೇಗ ಬಾಯಿ ಮುಚ್ಚಿದ್ದು ಅದೇ ಮೊದಲು. ರಾಯರಿಗೆ ಅಲ್ಲೇ ಅನುಮಾನ ಬರಬೇಕಿತ್ತು.)

ಈಗ ನೋಡಿದರೆ ಬರುವ ಭಾನುವಾರ ಡಾಕ್ಟರು ಸಂಸಾರ ಸಮೇತ ಊಟಕ್ಕೆ ಬರುವವರಿದ್ದರು. ಅಷ್ಟರೊಳಗೆ ತೊಟ್ಟಿಯ ತಳದ ಮಾನ ಮುಚ್ಚಲೇಬೇಕು. ರಾಯರು ಟೈಲ್ಸ್ ತುಂಡು ತಂದು ತೋರಿಸಿದರು.

"ಬಚ್ಚಲುಮನೆ ಥರ ಕಾಣುತ್ತೆ," ಎಂದಳು ಹೆಂಡತಿ.

"ಕಪ್ಪು ಕಲ್ಲಿನ ಚಪ್ಪಡಿ?"

"ಮೀನಿಗೆ ಈಗ್ಲೇ ಸಮಾಧಿ ಕಟ್ತೀರಾ?"

ತಳದ ತುಂಬ ಹುಲ್ಲಿನಂತೆ ಹಬ್ಬುವ ಹಸಿರು ಹವಳವೂ ಒಂದಿತ್ತು. ಅದು ಹಬ್ಬಲು ಎರಡು ವರ್ಷ ಬೇಕು, ಭಾನುವಾರಕ್ಕೆ ಇದ್ದದ್ದು ಆರು ದಿನ.

ಸೋಮವಾರ ಅಂಗಡಿಯಲ್ಲಿ ಕ್ಷೌರದವನಿಗಾಗಿ ಕನ್ನಡಿ ಕೊಯ್ಯುತ್ತಿದ್ದಾಗ ರಾಯರಿಗೆ ಜ್ಞಾನೋದಯವಾಯಿತು. ಮೇಜಿನ ಮೇಲೆ ಮಲಗಿಸಿದ್ದ ಕನ್ನಡಿಯೊಳಗೆ ಇನ್ನೊಂದು ಫ್ಯಾನು ತಿರುಗುತ್ತಿತ್ತು. ಡಾಕ್ಟರ ಬಳಿ ಹದಿನಾಲ್ಕು ಹವಳ, ತನ್ನ ಬಳಿ ಹನ್ನೊಂದು. ತಳಕ್ಕೆ ಕನ್ನಡಿ ಹಾಕಿದರೆ ಇಪ್ಪತ್ತೆರಡು! "ಬರ್ಲಿ ಮಗ, ಎಣಿಸ್ಲಿ," ಎಂದುಕೊಂಡರು ರಾಯರು.

ಕನ್ನಡಿಯ ಬೆನ್ನಿನ ಲೇಪ ಉಪ್ಪುನೀರಿಗೆ ತಡೆಯುವುದಿಲ್ಲ ಎಂದು ಅವರಿಗೆ ಗೊತ್ತು, ಮೂವತ್ತು ವರ್ಷದ ಕಸುಬು. ಎರಡು ಗಾಜಿನ ನಡುವೆ ಕನ್ನಡಿಯಿಟ್ಟು, ನಾಲ್ಕು ಅಂಚಿಗೂ ಸಿಲಿಕೋನ್ ಅಂಟು ಎಳೆದು ಎರಡು ದಿನ ಒಣಗಿಸಿದರು. ಗುರುವಾರ ಮನೆಯ ಬಕೆಟ್ಟುಗಳಿಗೆಲ್ಲ ನೀರು, ಮೀನು, ಬಂಡೆ ತುಂಬಿಸಿ ಕನ್ನಡಿಯನ್ನು ತಳಕ್ಕೆ ಭದ್ರವಾಗಿ ಅಂಟಿಸಿದರು. ಒಂದು ಹನಿ ಒಳಗೆ ನುಗ್ಗುವಂತಿರಲಿಲ್ಲ. ಗಾಜಿನ ವಿಷಯದಲ್ಲಿ ಅವರು ಯಾವ ತಪ್ಪೂ ಮಾಡಲಿಲ್ಲ. ಮೀನಿನ ವಿಷಯ ಯೋಚಿಸಲಿಲ್ಲ, ಅಷ್ಟೆ.

ರಾಯರ ನಾಲ್ಕು ಮೀನುಗಳಲ್ಲಿ ಹಿರಿಯವನು ಸಾಹುಕಾರ. ಕಿತ್ತಳೆ ಮೈ, ಮೂರು ಬಿಳಿ ಪಟ್ಟಿ, ಆರು ವರ್ಷದಿಂದ ಮನೆಯವನು. ರಾಯರು ಅಂಗಡಿಯಿಂದ ಬಂದರೆ ಗಾಜಿಗೆ ಮೂಗೊತ್ತಿ ಬಾಲ ಆಡಿಸುವಷ್ಟು ಸಲಿಗೆ. ಅವನು ನೀರಿಗಿಳಿದು ಕೆಳಗೆ ನೋಡಿದರೆ ಅಲ್ಲೊಬ್ಬ ಸಾಹುಕಾರ! ತನ್ನ ಬಂಡೆ, ತನ್ನ ಮೂಲೆ, ತನ್ನದೇ ಪಟ್ಟಿ! ಸಾಹುಕಾರ ಡಿಕ್ಕಿ ಹೊಡೆದ. ಕೆಳಗಿನವನೂ ಹೊಡೆದ.

"ಇವನಿಗೇನು ಬಂತ್ರೀ? ಬೆಳಗ್ಗಿಂದ ನೆಲ ಗುದ್ದುತ್ತಾ ಇದಾನೆ!"

"ಹೊಸ ಜಾಗ, ಖುಷಿಗೆ ಕುಣೀತಾನೆ, ಬಿಡು."

ಶನಿವಾರ ಮಧ್ಯಾಹ್ನದ ಹೊತ್ತಿಗೆ ಸಾಹುಕಾರನ ಬಾಯಿ ಊದಿ ಬೆಳ್ಳಗಾಗಿತ್ತು. ಎರಡು ದಿನದಿಂದ ಒಂದು ಕಾಳೂ ಮುಟ್ಟಿರಲಿಲ್ಲ. ರಾಯರು ಬೆರಳು ತೋರಿಸಿದರೆ ತಿರುಗಿಯೂ ನೋಡಲಿಲ್ಲ; ವಾಲಿಕೊಂಡೇ ಹೋಗಿ ಇನ್ನೊಂದು ಡಿಕ್ಕಿ ಕೊಟ್ಟ. ಕನ್ನಡಿ ಕೀಳೋಣವೆಂದರೆ ತಮ್ಮದೇ ಸಿಲಿಕೋನು, ತೊಟ್ಟಿ ಒಡೆದರೂ ಅದು ಬಿಡುವುದಿಲ್ಲ. ಮರ್ಯಾದೆ ಹೋದರೆ ಹೋಗಲಿ, ಸಾಹುಕಾರ ಉಳಿಯಲಿ ಎಂದು ಹಲ್ಲು ಕಚ್ಚಿಕೊಂಡು ಹಲ್ಲಿನ ಡಾಕ್ಟರಿಗೇ ಫೋನು ಮಾಡಿದರು.

ಡಾಕ್ಟರು ಹತ್ತೇ ನಿಮಿಷದಲ್ಲಿ ಬಂದು ಮಂಡಿಯೂರಿ ನೋಡಿದರು.

"ಭಾವ, ಇವನು ತನ್ನ ಮುಖ ನೋಡ್ಕೊಂಡೇ ಜಗಳಕ್ಕೆ ಬಿದ್ದಿದಾನೆ. ಮೊದ್ಲು ಕನ್ನಡಿ ಮುಚ್ಚಬೇಕು. ಅಕ್ಕಾ, ಆ ಹಲಗೆ ಇನ್ನೂ ಇದ್ಯಾ?"

ಹೆಂಡತಿ ಅಡುಗೆಮನೆಯ ಅಟ್ಟದಿಂದ ಪೇಪರಿನಲ್ಲಿ ಸುತ್ತಿದ್ದ ಒಂದು ಹಲಗೆ ಇಳಿಸಿಕೊಂಡು ಬಂದಳು. ಹಾಲಿನಂಥ ಬಿಳುಪು. ಬಂಡೆ ಎತ್ತಿ ಹಲಗೆ ಇಳಿಸಿದರೆ ತಳಕ್ಕೆ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಕೂತಿತು.

"ಇದು ಇಲ್ಲಿಗೆ ಹೇಗೆ ಬಂತು?" ಎಂದರು ರಾಯರು.

"ತಳಕ್ಕೆ ಏನು ಹಾಕ್ಲಿ ಅಂತ ಡಾಕ್ಟ್ರು ಫೋನ್ ಮಾಡಿದ್ರು. ತರಕಾರಿ ಹೆಚ್ಚೋ ಹಲಗೆ ಹಾಕಿ, ಹತ್ತು ವರ್ಷದಿಂದ ಉಪ್ಪು ಹುಳಿ ಬಿದ್ರೂ ನಮ್ಮದಕ್ಕೆ ಏನೂ ಆಗಿಲ್ಲ ಅಂದೆ. ಅವತ್ತೇ ನಿಮ್ಮ ತೊಟ್ಟಿ ಅಳತೆಗೂ ಒಂದು ಕೊಯ್ಸಿದ್ದೆ."

"ಮತ್ತೆ ನಂಗ್ಯಾಕೆ ಹೇಳ್ಲಿಲ್ಲ?"

"ಹಲಗೆ ಸುದ್ದಿ ಎತ್ತಬೇಡ ಅಂದೋರು ಯಾರು?"

ಭಾನುವಾರ ಬೆಳಗ್ಗೆ ಸಾಹುಕಾರ ಮೂರು ಕಾಳು ತಿಂದು, ಗಾಜಿಗೆ ಮೂಗೊತ್ತಿದ. ರಾಯರ ಕಣ್ಣು ಒದ್ದೆಯಾಯಿತು. ಆ ಸಂತೋಷ ಮಧ್ಯಾಹ್ನದವರೆಗೆ ಬಾಳಿತು. ಊಟಕ್ಕೆ ಬಂದವರೆಲ್ಲ ತೊಟ್ಟಿಯ ಮುಂದೆ ನಿಂತು, "ಅಕ್ಕನ ತಲೆಯೇ ತಲೆ!" "ಎರಡೂ ತೊಟ್ಟಿಗೆ ಅಕ್ಕನೇ ಬೇಕಾಯ್ತು ನೋಡಿ!" ಎಂದು ಕೊಂಡಾಡಿದರು. ಡಾಕ್ಟರಂತೂ ಕೈಮುಗಿದೇ ಬಿಟ್ಟರು. ಮೂರು ತಿಂಗಳು ಷಡ್ಡಕನ ಮೇಲಿದ್ದ ಹೊಟ್ಟೆಕಿಚ್ಚು ಅಲ್ಲಿಂದ ಎದ್ದು ನೇರ ಅಡುಗೆಮನೆಗೆ ನಡೆಯಿತು. ರಾಯರು ತಲೆನೋವೆಂದು ಕೋಣೆ ಸೇರಿ ಗೋಡೆಗೆ ಮುಖ ಮಾಡಿ ಕೂತರು.

ಹೆಂಡತಿ ಸೌಟು ಹಿಡಿದೇ ಬಾಗಿಲಿಗೆ ಬಂದಳು.

"ಊಟಕ್ಕೆ ಬನ್ನಿ ಅಂದ್ರೆ ಬಾಯಿ ಊದಿಸ್ಕೊಂಡು ಕೂತ್ರಲ್ಲ! ಸಾಹುಕಾರನಿಗೇನೋ ಹಲಗೆ ಹಾಕಿದೆ, ನಿಮಗೆ ಏನು ಹಾಕ್ಲಿ?"