ಮ್ಯೂಸಿಯಂನಲ್ಲಿ ತೀರಿದ ಹರಕೆ

ಮ್ಯೂಸಿಯಂನಲ್ಲಿ ಹೇಗೆ ನಡೆದುಕೊಳ್ಳಬೇಕೆಂದು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ನಾನು ಕಾನ್ವೆಂಟಿನಲ್ಲಿ ಕಲಿತವಳು. ಮುಟ್ಟಬಾರದು, ಮಾತಾಡಬಾರದು, ಸಾಲು ತಪ್ಪಬಾರದು ಎಂದು ಸಿಸ್ಟರುಗಳು ನನಗೆ ಹತ್ತು ವರ್ಷ ಟ್ರೈನಿಂಗ್ ಕೊಟ್ಟಿದ್ದಾರೆ. ಬೆಂಕಿ ಹಚ್ಚಬಾರದು ಎಂದು ಮಾತ್ರ ಯಾರೂ ಹೇಳಿರಲಿಲ್ಲ.

ಕಾಪುವಿನ ಕಡಲ ದಂಡೆಯಲ್ಲಿ ಹಡಗಿನವರ ಮ್ಯೂಸಿಯಂ ಆಗಿದೆ ಎಂದು ಕೇಳಿ, ನನ್ನ ಗಂಡ ಬಸ್ತ್ಯಾಂವರನ್ನು ಹೊರಡಿಸಿದೆ. ಅವರು ಮೂವತ್ತು ವರ್ಷ ಸರಕು ಹಡಗಿನಲ್ಲಿ ಕುಕ್ ಆಗಿದ್ದವರು.

"ಅಲ್ಲಿ ಎಂತ ಉಂಟು ನೋಡ್ಲಿಕ್ಕೆ? ಹಡಗಲ್ಲಿ ನಾನು ನೋಡಿದ್ದು ಈರುಳ್ಳಿ ಮಾತ್ರ, ಫ್ಲೋರಿ," ಎಂದು ಗೊಣಗುತ್ತಲೇ ಬಂದರು.

ಅವರಿಗೆ ಹೇಳದ ಒಂದು ಮ್ಯಾಟರ್ ನನ್ನ ಹ್ಯಾಂಡ್‌ಬ್ಯಾಗಿನಲ್ಲಿತ್ತು. ಮದುವೆಯಾದ ಹೊಸತರಲ್ಲಿ ಒಮ್ಮೆ ಪೇಪರಿನಲ್ಲಿ ತೂಫಾನಿನ ಸುದ್ದಿ ಬಂತು. ಅವರ ಸುದ್ದಿ ಹನ್ನೆರಡು ದಿನ ಬರಲಿಲ್ಲ. ಸಂತೆಕಟ್ಟೆಯ ನಮ್ಮ ಅಡುಗೆಕೋಣೆಯಲ್ಲಿ ಮೊಣಕಾಲೂರಿ ಮೇರಿಮಾತೆಗೆ ಹರಕೆ ಹೊತ್ತೆ: ಇವರನ್ನು ವಾಪಸ್ ಕೊಡು, ಸಮುದ್ರಕ್ಕೆ ಮುಖ ಮಾಡಿ ನಿಂತ ನಿನ್ನ ಪ್ರತಿಮೆಯ ಮುಂದೆ ಮೇಣದಬತ್ತಿ ಹಚ್ಚುತ್ತೇನೆ.

ಅವರು ಬಂದರು. ಬಂದವರೇ ಗಂಜಿ ಕೇಳಿದರು.

ಆದರೆ ಅಂಥ ಪ್ರತಿಮೆ ಎಲ್ಲಿದೆ? ನಾನು ಕಂಡ ಇಗರ್ಜಿಗಳಲ್ಲೆಲ್ಲ ಮಾತೆ ರಸ್ತೆಗೆ ಮುಖ ಮಾಡಿದ್ದಳು. ಒಂದು ಕಡೆ ಬಸ್‌ಸ್ಟ್ಯಾಂಡಿಗೆ. ನನ್ನ ಮೇಣದಬತ್ತಿ ಬ್ಯಾಗಿನಿಂದ ಬ್ಯಾಗಿಗೆ ನಲವತ್ತು ವರ್ಷ ಪ್ರಯಾಣ ಮಾಡಿ ಸೊಟ್ಟಗಾಯಿತು. ಹಾಗೆಯೇ ಸತ್ತರೆ ಮೇಲೆ ಎಂತ ಎಕ್ಸ್‌ಪ್ಲನೇಶನ್ ಕೊಡುವುದು ಎಂಬ ಚಿಂತೆ ಈಚೆಗೆ ನಿದ್ದೆ ಕೆಡಿಸುತ್ತಿತ್ತು.

ಮ್ಯೂಸಿಯಂನ ಒಳಗೆ ನೀರಿನ ತಳದಂಥ ಮಬ್ಬು, ತಣ್ಣಗಿನ ಮೌನ. ದಿಕ್ಸೂಚಿಗಳು, ಲಾಟೀನುಗಳು, ಗಾಜಿನಾಚೆ ತೋಳು ಮಡಚಿ ಮಲಗಿದ ಯೂನಿಫಾರ್ಮುಗಳು. ಇವರು ಬೆಂಚು ಹುಡುಕಿ ಕುಳಿತರು. ನಾನು ತೇಲಿದ ಹಾಗೆ ಕೊನೆಯ ಕೋಣೆಗೆ ಹೋದೆ.

ಅಲ್ಲಿ ಅವಳಿದ್ದಳು. ಮರದ ಮೈ, ಮಾಸಿದ ನೀಲಿ ಸೆರಗು, ಎದೆಯ ಮೇಲೆ ಕೈ. ದೊಡ್ಡ ಕಿಟಕಿಯಾಚೆಯ ಸಮುದ್ರವನ್ನೇ ನೋಡುತ್ತಿದ್ದಳು. ನನ್ನ ಕಣ್ಣು ಮಂಜಾಯಿತು.

ಪಕ್ಕದಲ್ಲಿ ನಿಂತಿದ್ದ ಹೆಂಗಸು, ಉಚ್ಚಿಲದ ಮೀನು ಮಾರುವ ಸುಮತಿ ಎಂದು ಆಮೇಲೆ ತಿಳಿಯಿತು, ಮೆಲ್ಲಗೆ ಕೇಳಿದಳು: "ನಿಮ್ಮ ಅಮ್ಮನಾ, ಬಾಯಮ್ಮ?"

"ಹೌದು. ನಲವತ್ತು ವರ್ಷದಿಂದ ಹುಡುಕ್ತಾ ಇದ್ದೆ."

"ಹಾಗಾದ್ರೆ ಬರಿಗೈಯಲ್ಲಿ ನಿಲ್ಲುದು ಸರಿಯಾ?" ಎಂದು ಅವಳು ತನ್ನ ಮುಡಿಯ ಮಲ್ಲಿಗೆ ತೆಗೆದು ಪ್ರತಿಮೆಯ ಪಾದದ ಬಳಿ ಇಟ್ಟಳು. ನಾನು ಮೇಣದಬತ್ತಿ ಹಚ್ಚಿದೆ. ಇಬ್ಬರೂ ಕಣ್ಣು ಮುಚ್ಚಿದೆವು.

ಸ್ವರ್ಗದ ಬಾಗಿಲು ತೆರೆಯುವಾಗ ಅಷ್ಟು ಕರ್ಕಶ ಶಬ್ದವಾಗುತ್ತದೆಂದು ನನಗೆ ತಿಳಿದಿರಲಿಲ್ಲ. ಅದು ಫೈರ್ ಅಲಾರಂ!

ವಾಚ್‌ಮನ್ ಕೆಂಪು ಸಿಲಿಂಡರ್ ಹಿಡಿದು ಓಡಿಬಂದು ಹೊಡೆದೇಬಿಟ್ಟ. ಬಿಳಿ ಪುಡಿ ನಮ್ಮ ಮೇಲೆ ಹಿಮದಂತೆ ಇಳಿಯಿತು. ಒಂದು ಗಳಿಗೆ ಕ್ರಿಸ್‌ಮಸ್ ಕಾರ್ಡಿನೊಳಗೆ ನಿಂತ ಹಾಗಿತ್ತು. ಆಮೇಲೆ ಸೀನು ಶುರುವಾಯಿತು.

"ಎಂತ ಮಾಡಿದ್ರಿ, ಅಮ್ಮ? ಇದು ದೇವರಲ್ಲ. ಹಳೇ ಹಡಗಿನ ಮೂತಿಗೆ ಇದ್ದ ಗೊಂಬೆ. ಹಡಗಿನ ಮಾಲೀಕ ಹೆಂಡತಿಯ ಹಾಗೆ ಮಾಡಿಸಿದ್ದಂತೆ. ಬೋರ್ಡ್ ಉಂಟಲ್ಲ, ಇಂಗ್ಲಿಷಿನಲ್ಲಿ."

ಇಂಗ್ಲಿಷ್ ಓದಬಲ್ಲವಳು ಅಲ್ಲಿ ನಾನೊಬ್ಬಳೇ.

"ಹೆಂಡತಿಯಾದ್ರೆ ಎಂತ? ಅವಳೂ ಕಾಯ್ತಾ ಇದ್ದಳಲ್ಲ," ಎಂದಳು ಸುಮತಿ, ಹುಬ್ಬಿನ ಪುಡಿ ಒರೆಸುತ್ತ.

ಅಷ್ಟರಲ್ಲಿ ಇವರು ಕೋಲೂರಿಕೊಂಡು ಬಂದರು. "ಮೂವತ್ತು ವರ್ಷ ಹಡಗಲ್ಲಿ ಒಲೆ ಮುಂದೆ ನಿಂತೆ. ಒಂದು ಅಲಾರಂ ಹೊಡೀಲಿಲ್ಲ. ನೀನು ಬಂದು ಅರ್ಧ ಗಂಟೆ ಆಗ್ಲಿಲ್ಲ!"

ಮುಚ್ಚಿಟ್ಟು ಫಲವಿರಲಿಲ್ಲ. ಹರಕೆಯ ಕತೆ ಹೇಳಿದೆ. ತೂಫಾನು, ಹನ್ನೆರಡು ದಿನ, ಎಲ್ಲ. ಇವರು ಕೋಲನ್ನು ಗೋಡೆಗೆ ಒರಗಿಸಿದರು.

"ಫ್ಲೋರಿ, ನಾವು ತೂಫಾನಿನಲ್ಲಿ ಇರಲೇ ಇಲ್ಲ. ಇಂಜಿನ್ ಕೆಟ್ಟು ಬಂದರಿನಲ್ಲೇ ನಿಂತಿದ್ದೆವು. ನಾನು ಹನ್ನೆರಡು ದಿನವೂ ಇಸ್ಪೀಟು ಆಡಿದೆ."

ಅವರು ಬಗ್ಗಿ ಸೊಟ್ಟ ಮೇಣದಬತ್ತಿಯ ಉಳಿದ ತುಂಡನ್ನು ಹೆಕ್ಕಿ, ಪುಡಿ ಊದಿ, ಶರ್ಟಿನ ಕಿಸೆಗೆ ಹಾಕಿಕೊಂಡರು.

ಅಂದೇ ನನ್ನ ನಂಬರು ಪಡೆದಿದ್ದ ಸುಮತಿ ಮುಂದಿನ ತಿಂಗಳು ಫೋನ್ ಮಾಡಿ ಮ್ಯೂಸಿಯಂನ ಹೊಸ ಸುದ್ದಿ ಹೇಳಿದಳು. ಮೂವತ್ತು ವರ್ಷ ಕಡಲಿನಲ್ಲಿ ದುಡಿದ ನನ್ನ ಗಂಡನ ಹೆಸರು ಆ ಮ್ಯೂಸಿಯಂನಲ್ಲಿ ಎಲ್ಲಿಯೂ ಇಲ್ಲ. ನನ್ನ ಹತ್ತು ನಿಮಿಷದ ಸೇವೆಗೆ ಮಾತ್ರ ಹೊಸ ಬೋರ್ಡ್ ಬಂದಿದೆಯಂತೆ, ಈ ಸಲ ಕನ್ನಡದಲ್ಲಿಯೂ: "ಈ ಗೊಂಬೆಗೆ ದೀಪ ಹಚ್ಚಬಾರದು."