ಕರಿಬೇವು ನೀರು ಕುಡಿಯಲಿಲ್ಲ

ಸಿಟ್ಟು ಮಾಡಿಕೊಳ್ಳುವುದಕ್ಕೆ ವಿದ್ಯೆ ಬೇಕಿಲ್ಲ. ತಪ್ಪು ಒಪ್ಪಿಕೊಳ್ಳುವುದಕ್ಕೆ ಮಾತ್ರ ನಾನು ಓದಿದ ಎಸ್ಸೆಸ್ಸೆಲ್ಸಿ ಸಾಲದು ಎಂದು ಎಪ್ಪತ್ತು ದಾಟಿದ ಮೇಲೆ ತಿಳಿಯಿತು. ಶಿರಾದ ನಮ್ಮ ಮನೆಯ ಕಾಂಪೌಂಡಿನ ಮೂಲೆಯಲ್ಲಿ ಒಂದು ಕರಿಬೇವಿನ ಗಿಡವಿದೆ. ಆಳೆತ್ತರ ಸೊಂಪಾಗಿದ್ದದ್ದು ಈ ಕಾರ್ತಿಕದಲ್ಲಿ ಇದ್ದಕ್ಕಿದ್ದಂತೆ ಬಾಡತೊಡಗಿತು. ಬುಡಕ್ಕೆ ಬೆರಳು ಹಾಕಿದರೆ ಕೆಸರು, ತಲೆಯೆತ್ತಿದರೆ ಜೋತುಬಿದ್ದ ಎಲೆ. ನಾನು ಮೂವತ್ತು ವರ್ಷ ಪಾವಗಡದ ರೂಟಿನಲ್ಲಿ ಬಸ್ ಕಂಡಕ್ಟರಾಗಿದ್ದವನು. ಒಳಗೆ ಸೀಟು ಖಾಲಿಯಿದ್ದರೂ ಬಾಗಿಲಲ್ಲೇ ನೇತಾಡುವವರನ್ನು ಕಂಡರೆ ಬರುತ್ತಿದ್ದ ಸಿಟ್ಟೇ ಈ ಗಿಡದ ಮೇಲೂ ಬಂತು. “ಕಾಲಡೀಲೇ ನೀರೈತೆ, ಕುಡಿಯಾಕೆ ಏನ್ಲಾ ರೋಗ ನಿಂಗೆ?” ಎಂದು ಬೈದೆ.

ಗಿಡ ಎದುರು ಮಾತಾಡುವುದಿಲ್ಲ. ಬೈಯುವುದಕ್ಕೆ ಮನುಷ್ಯರು ಬೇಕಾಯಿತು. ಪಕ್ಕದ ಮನೆಯ ಜುಬೇದಮ್ಮ ಸಿಕ್ಕರು. ಅವರ ಬಟ್ಟೆ ಒಗೆಯುವ ಕಲ್ಲು ನಮ್ಮ ಗೋಡೆಗೆ ಅಂಟಿಕೊಂಡೇ ಇತ್ತು. ಅವರ ಸೋಪಿನ ನೀರೇ ನಮ್ಮ ಗಿಡವನ್ನು ಕೊಲ್ಲುತ್ತಿದೆಯೆಂದು ಬೀದಿಗೆಲ್ಲ ಕೇಳುವಂತೆ ಕೂಗಾಡಿದೆ. ಅವರು ಮಾರನೆಯ ದಿನವೇ ಕಲ್ಲನ್ನು ಆಚೆ ಬದಿಗೆ ಹಾಕಿಸಿಕೊಂಡರು. ದಿನಾ ಎರಡು ಎಸಳು ಕರಿಬೇವಿನ ನೆಪದಲ್ಲಿ ಬಂದು ನನ್ನ ಹೆಂಡತಿ ಗಂಗಮ್ಮನೊಡನೆ ಅರ್ಧ ಗಂಟೆ ಹರಟುತ್ತಿದ್ದುದನ್ನೂ ನಿಲ್ಲಿಸಿದರು. ಇಪ್ಪತ್ತು ವರ್ಷದ ಸ್ನೇಹ ಅದು. ಗಂಗಮ್ಮ ಅವರಿಗಾಗಿ ಗೋಡೆಯ ಕಡೆ ನೋಡುವಳು, ಆಮೇಲೆ ನನ್ನ ಕಡೆ ನೋಡುವಳು. ಎರಡನೆಯ ನೋಟ ಸಹಿಸಲಾಗುತ್ತಿರಲಿಲ್ಲ. ಅದಕ್ಕೂ ನನಗೆ ಸಿಟ್ಟೇ ಬಂತು.

ಅಡುಗೆಯಲ್ಲಿ ನನಗೆ ಬರುವುದು ಒಂದೇ, ಹಸಿ ಕಡಲೆಕಾಯಿ ಬೇಯಿಸುವುದು. ಸೀಸನ್ ಬಂತೆಂದರೆ ವೈ.ಎನ್.ಹೊಸಕೋಟೆಯ ಭಾವಮೈದ ಮೂಟೆಗಟ್ಟಲೆ ತಂದು ಹಾಕುತ್ತಾನೆ. ದಿನ ಬಿಟ್ಟು ದಿನ ದೊಡ್ಡ ಪಾತ್ರೆಯಲ್ಲಿ ಎರಡು ಹಿಡಿ ಕಲ್ಲುಪ್ಪು ಹಾಕಿ ಕುದಿಸುತ್ತೇನೆ. ಈ ವರ್ಷ ಆ ನೀರು ಚೆಲ್ಲಲು ಮನಸ್ಸು ಬರದೆ ಗಿಡಕ್ಕೆ ಹಾಕತೊಡಗಿದ್ದೆ. ಒಂದು ದಿನ ಹಾಗೇ ಆರಿಸಿ ಸುರಿಯುತ್ತಿದ್ದಾಗ ಗಂಗಮ್ಮ ಬಂದಳು.

“ಏನ್ರೀ ಅದು ಸುರೀತಿರಾದು?”

“ಕಡ್ಲೆಕಾಯ್ ಬೇಯ್ಸಿದ್ ನೀರು ಕಣೇ. ಸತ್ವ ಇರ್ತದೆ.”

ಅವಳು ಬೆರಳು ಅದ್ದಿ ನಾಲಿಗೆಗಿಟ್ಟು ಥೂ ಎಂದು ಉಗಿದಳು. “ಹೆಚ್ಚಿದ್ ಮಾವಿನಕಾಯ್ಗೆ ಉಪ್ಪು ಹಾಕುದ್ರೆ ಏನಾಗ್ತದೆ?”

“ನೀರು ಬುಡ್ತದೆ.”

“ಬೇರಿಗೆ ಹಾಕುದ್ರೆ?”

ಪಾತ್ರೆ ಕೆಳಗಿಟ್ಟೆ. ಇದನ್ನು ನಾನು ಹೈಸ್ಕೂಲಿನಲ್ಲಿ ಓದಿದ್ದೆ, ಬೇರಿನ ತುದಿಯ ರೋಮಗಳ ಚಿತ್ರ ಬರೆದು ಮೇಷ್ಟ್ರಿಂದ ಭೇಷ್ ಅನ್ನಿಸಿಕೊಂಡಿದ್ದೆ. ಬೇರಿನ ರಸ ಮಣ್ಣಿನ ನೀರಿಗಿಂತ ಗಟ್ಟಿಯಾಗಿದ್ದರೆ ನೀರು ತಾನಾಗಿ ಒಳಗೆ ಹೋಗುತ್ತದೆ. ಮಣ್ಣೇ ಉಪ್ಪಾದರೆ ಒಳಗಿದ್ದ ನೀರೂ ಹೊರಗೆ ಬರುತ್ತದೆ. ಕೆಸರಲ್ಲಿ ನಿಂತು ಆ ಗಿಡ ಬಾಯಾರಿ ಸಾಯುತ್ತಿತ್ತು. ನಾನು ಅದಕ್ಕೆ ಉಪ್ಪಿನಕಾಯಿ ಹಾಕುತ್ತಿದ್ದೆ.

ಜುಬೇದಮ್ಮನ ಬಾಗಿಲಿಗೆ ಹೋದೆ. ಹೊಲಿಗೆ ಮಿಷನ್ ನಿಲ್ಲಿಸಿ ಹೊರಗೆ ಬಂದರು. “ತಪ್ಪಾಯ್ತಮ್ಮ, ನಿಮ್ ಸೋಪಲ್ಲ, ನನ್ ಉಪ್ಪು” ಎಂದು ಗೊಣಗಿದೆ.

“ನಂಗೆ ಅವತ್ತೇ ಗೊತ್ತಿತ್ತಣ್ಣ. ನೀವು ಸುರಿಯೋದು ಗೋಡೆ ಮೇಲಿಂದ ಕಾಣ್ತಿತ್ತು.”

“ಮತ್ತೆ ಹೇಳ್ಬಾರ್ದಾಗಿತ್ತಾ?”

“ಹೇಳಾಕೆ ನೀವು ಬುಟ್ರಾ?”

ಹಾಳು ಸಿಟ್ಟು ಆಗಲೂ ಗಂಟಲವರೆಗೆ ಬಂತು, ನುಂಗಿದೆ. ಒಳ್ಳೆಯ ನೀರು ಹತ್ತಾರು ಕೊಡ ಹುಯ್ದರೆ ಉಪ್ಪು ಕೆಳಗಿಳಿದು ಗಿಡ ಬದುಕಬಹುದು ಎಂದು ಅವರೇ ಹೇಳಿದರು. ಬರುತ್ತೀರಾ ಎಂದೆ. ಸೆರಗು ಸರಿಮಾಡಿಕೊಂಡು, “ಬತ್ತೀನಿ. ಆದ್ರೆ ಅವತ್ತು ಬೈದಿದ್ದು ಬೀದಿಗೆಲ್ಲ ಕೇಳಿಸ್ತು. ಇದೂ ಕೇಳಿಸ್ಲಿ” ಎಂದರು.

ಬೀದಿಯ ಮಧ್ಯೆ ನಿಂತು ಸ್ಟಾಪಿನ ಹೆಸರು ಕೂಗುವ ದನಿಯಲ್ಲಿ, “ತಪ್ಪಾಯ್ತು!” ಎಂದೆ. ನಾಲ್ಕು ಮನೆಯ ಬಾಗಿಲು ತೆರೆದವು. ಕೊಡ ಹಿಡಿದು ನಮ್ಮ ಗೇಟಿನಲ್ಲಿ ನಿಂತಿದ್ದ ಗಂಗಮ್ಮ ಕಿವಿಗೆ ಕೈಯಿಟ್ಟು, “ಸರಿಯಾಗಿ ಕೇಳಿಸ್ನಿಲ್ಲ ಕಣ್ರೀ” ಎಂದಳು.